ಪರಿಚಯಿಸುವವರ ಹೆಸರು

‘ಯಾವ ಖಾತೆಯಿಂದ ಒಳಗೆ ಬರುತ್ತೀರಿ?’ ಎಂಬ ಪ್ರಶ್ನೆಯ ಕೆಳಗೆ ಕಂಪ್ಯೂಟರಿನಲ್ಲಿ ಎರಡು ಸಾಲುಗಳಿದ್ದವು. ಮೊದಲನೆಯದು ‘ವಿನಯನ್’. ಎರಡನೆಯದು ‘ವಿನಯನ್ ವೆಡ್ಸ್ ಸ್ಮಿತ’; ಪಕ್ಕದಲ್ಲಿ ಹೆಬ್ಬೆರಳ ಉಗುರಿನಷ್ಟು, ಜೋಡಿಯೊಂದರ ಫೋಟೋ.

ಭಾಮ ಎರಡನೆಯ ಸಾಲನ್ನು ಮೂರು ಸಲ ಓದಿದಳು. ಆಮೇಲೆ ಚಹಾದ ಲೋಟವನ್ನು ಕೀಬೋರ್ಡಿನ ಪಕ್ಕದಲ್ಲಿಟ್ಟಳು.

“ಟೀ, ಸಾರ್.”

ವಿನಯನ್ ತಲೆಯೆತ್ತಿದ. ಐದು ವಾರಗಳಿಂದ ಅವಳು ಅವನನ್ನು ಹೆಸರು ಹಿಡಿದೇ ಕರೆಯುತ್ತಿದ್ದಳು.

“ಸಾರ್ ಯಾರು? ನಾನಾ?”

“ಇಲ್ಲಿ ಮತ್ಯಾರಿದ್ದಾರೆ?”

ಅವನು ಒಂದು ಗುಟುಕು ಕುಡಿದ. ಹುಬ್ಬು ಮೇಲೇರಿತು. “ಇದರಲ್ಲಿ ಎಷ್ಟು ಸಕ್ಕರೆ ಹಾಕಿದ್ದೀರಿ?”

“ಎಲ್ಲರಿಗೂ ಹಾಕೋಷ್ಟೇ. ಕಮ್ಮಿ ಸಕ್ಕರೆದು ಬೇಕಿದ್ರೆ ಮನೇಲಿ ಮಾಡಿಕೊಡೋರು ಇರ್ತಾರಲ್ಲ” ಎಂದು ಭಾಮ ತನ್ನ ಮೇಜಿಗೆ ಹೋಗಿ ಕುಳಿತಳು.

ಕೇರಳದ ಇರಿಂಜಾಲಕುಡದ ಆ ವಾಯನಶಾಲೆಗೆ, ಅಂದರೆ ಊರ ಗ್ರಂಥಾಲಯಕ್ಕೆ, ಅವಳು ಗ್ರಂಥಪಾಲಕಿ. ಪುಸ್ತಕ ಎರವಲಿಗೆ ಒಂದು ಅಪ್ಲಿಕೇಶನ್, ಸಭಾಂಗಣ ಕಾದಿರಿಸಲು ಇನ್ನೊಂದು, ಮಕ್ಕಳ ಕೂಟಕ್ಕೆ ಮತ್ತೊಂದು. ಮೂರಕ್ಕೂ ಮೂರು ಪಾಸ್‌ವರ್ಡ್. ಓದುಗರು ಅದನ್ನು ಮರೆಯದಂತೆ, ಎರವಲು ತಂದ ಪುಸ್ತಕದ ಕೊನೆಯ ಪುಟದಲ್ಲೇ ಬರೆದಿಡುತ್ತಿದ್ದರು. ಪುಸ್ತಕ ಹಿಂತಿರುಗಿ ಬಂದು ಇನ್ನೊಬ್ಬರ ಕೈಗೆ ಹೋಗುತ್ತಿತ್ತು, ಪಾಸ್‌ವರ್ಡ್ ಸಮೇತ. ಇದನ್ನು ಸರಿಪಡಿಸಲು ಸಮಿತಿಯವರು ಕೊಚ್ಚಿಯಿಂದ ವಿನಯನ್‌ನನ್ನು ಕರೆಸಿದರು. ಅವರವರ ಗೂಗಲ್ ಖಾತೆಯಿಂದ ಒಮ್ಮೆ ಒಳಗೆ ಬಂದರೆ ಮೂರೂ ಬಾಗಿಲು ತೆರೆಯಬೇಕು. ಅವನು ಶನಿವಾರ ಶನಿವಾರ ರೈಲಿನಲ್ಲಿ ಬರುತ್ತಿದ್ದ. ಇವತ್ತು ಕೊನೆಯ ಶನಿವಾರ.

ಮೊದಲ ವಾರವೇ ಅವರಿಬ್ಬರಿಗೆ ಜಗಳವಾಗಿತ್ತು. ಗೂಗಲೇ ಗುರುತು ಹೇಳುವಾಗ ಹೊಸಬರನ್ನು ನೇರ ಸದಸ್ಯರಾಗಿಸೋಣ ಎಂದಿದ್ದ ವಿನಯನ್. ಭಾಮ ಒಪ್ಪಲಿಲ್ಲ. ಅರವತ್ತು ವರ್ಷಗಳಿಂದ ಅಲ್ಲಿ ಹಳೆಯ ಸದಸ್ಯರೊಬ್ಬರು ಪರಿಚಯಿಸದೆ ಯಾರಿಗೂ ಸದಸ್ಯತ್ವವಿಲ್ಲ.

“ಗೂಗಲ್ ಇವರ ಹೆಸರು ಇದು ಅಂತ ಹೇಳುತ್ತೆ. ಪುಸ್ತಕ ವಾಪಸ್ ಕೊಡೋ ಜನಾನಾ ಅಂತ ಹೇಳುತ್ತಾ?”

ಅವನು ನಕ್ಕುಬಿಟ್ಟಿದ್ದ. ಅರ್ಜಿಯಲ್ಲಿ ‘ಪರಿಚಯಿಸುವವರ ಹೆಸರು’ ಎಂದೊಂದು ಜಾಗ ಮಾಡಿ, ಅದರ ಕೆಳಗೆ ಅವರು ಅರ್ಜಿದಾರರಿಗೆ ಏನಾಗಬೇಕು ಎಂಬುದಕ್ಕೆ ಅವಳು ಹೇಳಿದಂತೆಯೇ ಪಟ್ಟಿ ಹಾಕಿದ: ನೆರೆಯವರು, ಸಹೋದ್ಯೋಗಿ, ಶಿಕ್ಷಕರು, ಬಂಧು. “ಒಂದೇ ಮಾತು. ಸುಳ್ಳು ಮಾಹಿತಿ ಮಾತ್ರ ಉಳಿಸಬಾರದು” ಎಂದಿದ್ದ.

ಆಮೇಲೆ ಅವಳು ಗಮನಿಸುತ್ತ ಹೋದಳು. ಎಂಬತ್ತರ ದಾಕ್ಷಾಯಣಿಯಮ್ಮ ಕನ್ನಡಕ ಏರಿಸುವುದನ್ನು ಕಂಡು ಅವನು ಗುಂಡಿಯ ಮೇಲಿನ ಮಲಯಾಳಂ ಅಕ್ಷರಗಳನ್ನು ದೊಡ್ಡದು ಮಾಡಿದ. ಗೂಗಲ್ ಖಾತೆ ಇಲ್ಲದವರಿಗೆ ಹಳೆಯ ಕಾರ್ಡಿನ ಸಂಖ್ಯೆಯ ದಾರಿಯನ್ನೂ ಉಳಿಸಿದ. ಹಳೆಯ ಸದಸ್ಯರು ಹೊಸ ರೀತಿಯಲ್ಲಿ ಬಂದಾಗ ಅವರ ಖಾತೆ ಖಾಲಿಯಾಗಿ ಕಾಣಬಾರದೆಂದು ಒಬ್ಬೊಬ್ಬರದನ್ನೂ ಜೋಡಿಸಿ ಪರೀಕ್ಷಿಸಿದ. “ಇಷ್ಟು ವರ್ಷ ಓದಿದ್ದೆಲ್ಲ ಅವರ ಹೆಸರಲ್ಲೇ ಇರಬೇಕಲ್ವಾ, ಭಾಮ?” ಎಂದಿದ್ದ. ಅವನ ಚಹಾಕ್ಕೆ ಸಕ್ಕರೆ ಎಷ್ಟು ಎಂದು ಅವಳು ಕೇಳಿದ್ದು ಅವತ್ತೇ.

ಈಗ ಅವನು ಕುಳಿತಲ್ಲಿಂದಲೇ ಕರೆದ. “ಸಭಾಂಗಣದ್ದು ತೊಂದರೆ ಕೊಡ್ತಿತ್ತು. ಗುರುತು ಹಿಡಿದಮೇಲೆ ಜನರನ್ನ ಯಾವ ವಿಳಾಸಕ್ಕೆ ವಾಪಸ್ ಕಳಿಸ್ಬೇಕು ಅಂತ ಗೂಗಲ್‌ಗೆ ಮೊದಲೇ ಬರೆದುಕೊಡ್ಬೇಕು. ವಿಳಾಸದ ಕೊನೇಲಿ ಒಂದು ಓರೆಗೆರೆ ಹಾಕೋದು ಮರೆತಿದ್ದೆ, ಅಷ್ಟಕ್ಕೇ ಕಳಿಸ್ತಿರಲಿಲ್ಲ. ಈಗ ಸರಿಹೋಯ್ತು, ಬಂದು ನೋಡಿ.”

“ಸಂತೋಷ, ಸಾರ್.” ಅವಳು ಏಳಲಿಲ್ಲ.

ಅಷ್ಟರಲ್ಲಿ ದಾಕ್ಷಾಯಣಿಯಮ್ಮ ಕೊಡೆ ಮಡಚುತ್ತ ಬಂದು ಅವನ ಪಕ್ಕದ ಕುರ್ಚಿಯಲ್ಲಿ ಕುಳಿತರು. ಪರದೆಗೆ ಮೂಗು ತಾಗಿಸಿ ಓದಿದರು.

“ಮೋನೇ, ಮಗನೇ, ಈ ಸ್ಮಿತ ಯಾರು? ನಿನ್ನ ಹೆಂಡ್ತೀನಾ?”

ಭಾಮಳ ಕೈಯಲ್ಲಿದ್ದ ಮೊಹರು ಗಾಳಿಯಲ್ಲೇ ನಿಂತಿತು.

“ಅಯ್ಯೋ, ಅದಾ!” ವಿನಯನ್ ಕಿವಿಯವರೆಗೂ ಕೆಂಪಾದ. “ಮೂರು ವರ್ಷದ ಹಿಂದೆ ಮದುವೆ ನಿಶ್ಚಯ ಆಗಿತ್ತಮ್ಮ. ಕಲ್ಯಾಣ ಮಂಟಪ, ಫೋಟೋದವರು, ಆಮಂತ್ರಣ, ಎಲ್ಲಕ್ಕೂ ಅಂತ ನನ್ನ ತಂಗಿ ಮಾಡಿದ ಖಾತೆ ಇದು. ಇನ್ನು ಹದಿನೈದು ದಿನ ಇದೆ ಅನ್ನೋವಾಗ ಸ್ಮಿತ ಬಂದು ಅತ್ತಳು. ಅವಳಿಗೆ ಬೇರೆ ಹುಡುಗ ಇದ್ದ. ರಿಜಿಸ್ಟ್ರಾರ್ ಆಫೀಸಲ್ಲಿ ಅವರ ಮದುವೆಗೆ ನಾನೇ ಸಾಕ್ಷಿ ಹಾಕ್ದೆ.”

“ಸಾಕ್ಷಿ ಹಾಕಿದ್ಯಾ? ದಡ್ಡ!” ದಾಕ್ಷಾಯಣಿಯಮ್ಮ ಅವನ ಬೆನ್ನಿಗೊಂದು ಮೆತ್ತಗೆ ಗುದ್ದಿದರು. “ಒಳ್ಳೇ ದಡ್ಡ. ಮತ್ತೆ ಇದನ್ನ ಯಾಕೆ ಇಟ್ಕೊಂಡಿದ್ದೀಯ?”

“ಹೊಸಬರು ಬಂದ್ರೆ ಏನಾಗುತ್ತೆ ಅಂತ ಪರೀಕ್ಷೆ ಮಾಡೋಕೆ ಯಾರೂ ಬಳಸದ ಒಂದು ಖಾತೆ ಬೇಕಿತ್ತು. ಇದಕ್ಕಿಂತ ಅನಾಥ ಖಾತೆ ಇನ್ನೆಲ್ಲಿ ಸಿಗುತ್ತೆ?” ಅವನು ಮಾತು ದಾಕ್ಷಾಯಣಿಯಮ್ಮನಿಗೆ ಹೇಳುತ್ತಿದ್ದ, ನೋಡುತ್ತಿದ್ದದ್ದು ಎದುರಿನ ಭಾಮಳ ಮೇಜನ್ನು. “ಪರೀಕ್ಷೆ ಮುಗೀತು. ಈಗಲೇ ಅಳಿಸ್ತೀನಿ.”

ಭಾಮ ಎದ್ದು ಬಂದು, ಅವನ ಮುಂದಿದ್ದ ಲೋಟ ಎತ್ತಿಕೊಂಡಳು.

“ಆರಿಹೋಗಿದೆ. ಬೇರೆ ತರ್ತೀನಿ.”

“ಸಕ್ಕರೆ?”

“ಕಮ್ಮಿ” ಎಂದಳು, ಅವನ ಮುಖ ನೋಡದೆ.

ಅವಳು ಚಹಾ ತರುವಷ್ಟರಲ್ಲಿ ದಾಕ್ಷಾಯಣಿಯಮ್ಮ ಕಪಾಟುಗಳ ನಡುವೆ ಹೋಗಿದ್ದರು. ವಿನಯನ್ ಕಿಟಕಿಯ ಬಳಿ ನಿಂತು ಮೊಬೈಲಿನಲ್ಲಿ ಏನೋ ಒತ್ತುತ್ತಿದ್ದ. ಭಾಮಳ ಕಂಪ್ಯೂಟರ್ ಸಣ್ಣಗೆ ಸದ್ದು ಮಾಡಿತು.

ಹೊಸ ಸದಸ್ಯರ ಅರ್ಜಿ. ಹೆಸರು: ವಿನಯನ್. ವಿಳಾಸ: ಕೊಚ್ಚಿ. ಪರಿಚಯಿಸುವವರ ಹೆಸರು: ಖಾಲಿ.

“ಇದು ಅಪೂರ್ಣ” ಎಂದಳು ಭಾಮ.

“ಈ ಊರಲ್ಲಿ ನನ್ನನ್ನ ಬಲ್ಲವರು ಒಬ್ಬರೇ. ಇವತ್ತು ಬೆಳಿಗ್ಗೆಯಿಂದ ಅವರು ನನ್ನ ಸಾರ್ ಅಂತಿದ್ದಾರೆ. ಕೇಳೋಕೆ ಹೆದರಿಕೆ.”

“ಪುಸ್ತಕ ಹದಿನೈದು ದಿನದಲ್ಲಿ ವಾಪಸ್ ಕೊಡ್ಬೇಕು. ಕೊಚ್ಚಿಯಿಂದ ಬರ್ತೀರಾ?”

“ಪ್ರತಿ ಶನಿವಾರ ಬರ್ತೀನಿ. ಒಂದೊಂದೇ ಪುಸ್ತಕ ಕೊಡಿ. ತೆಳ್ಳಗಿರೋದು.” ಅವನ ದನಿ ಇಳಿಯಿತು. “ಕೆಲಸ ಮುಗಿದಮೇಲೂ ಇಲ್ಲಿಗೆ ಬರೋಕೆ ಒಂದು ಕಾರಣ ಬೇಕು, ಭಾಮ. ನಿಮ್ಮನ್ನ ನೋಡೋಕೆ ಅಂತ ನೇರವಾಗಿ ಹೇಳೋ ಧೈರ್ಯ ಐದು ವಾರದಿಂದ ಬಂದಿಲ್ಲ.”

ಹೊರಗೆ ಬಸ್ಸೊಂದು ಹಾರ್ನ್ ಮಾಡಿ ಹೋಯಿತು. ಭಾಮ ಖಾಲಿ ಜಾಗದಲ್ಲಿ ತನ್ನ ಹೆಸರು ಬರೆದಳು. ಕೆಳಗಿನ ಪಟ್ಟಿಯಲ್ಲಿ ನೆರೆಯವರನ್ನು ದಾಟಿದಳು, ಸಹೋದ್ಯೋಗಿ, ಶಿಕ್ಷಕರನ್ನು ದಾಟಿದಳು. ಕೊನೆಯದನ್ನು ಒತ್ತಿ, ಉಳಿಸಿದಳು.

ಅವನ ಮೊಬೈಲಿಗೆ ಸಂದೇಶ ಬಂತು. ಅವನು ಬಹಳ ಹೊತ್ತು ಓದಿದ.

“ಬಂಧು ಅಂತ ಹಾಕಿದ್ದೀರಿ.”

“ಹೂಂ.”

“ಸುಳ್ಳು ಮಾಹಿತಿ ಉಳಿಸಬಾರದು ಅಂದಿದ್ದೆ.”

“ನಾನು ಅಳಿಸೋಲ್ಲ.” ಭಾಮ ಚಹಾದ ಲೋಟವನ್ನು ಅವನ ಕಡೆ ಸರಿಸಿದಳು. ಈ ಸಲ ಅವನ ಕಣ್ಣನ್ನೇ ನೋಡಿದಳು. “ಮುಂದಿನ ಶನಿವಾರ ಬರೋವಾಗ ನಿಮ್ಮ ಅಮ್ಮನ್ನೂ ಕರ್ಕೊಂಡು ಬನ್ನಿ. ನಿಜ ಮಾಡೋಣ.”