ಹಡಗಿನ ಟೈಮು ಎಂಟು ಗಂಟೆ

ಚೀಟಿ ಬಿಡಿಸಿದ ಸಿಸ್ಟರಕ್ಕ ಅದನ್ನು ಓದಲೇ ಇಲ್ಲ. ಕನ್ನಡಕವನ್ನು ಹಣೆಗೇರಿಸಿದರು, ಮತ್ತೆ ಮೂಗಿಗಿಳಿಸಿದರು. ಆಮೇಲೆ, "ಇನ್ನೊಂದ್ಸಲ ಎತ್ತೋಣ್ವಾ?" ಎಂದರು.

ಇಸ್ತ್ರಿ ಅಂಗಡಿಯ ಮಹಡಿಯ ಮೇಲೆ ಸೇರಿದ್ದ ಹದಿನಾಲ್ಕು ಜನಕ್ಕೂ ಯಾರ ಹೆಸರು ಬಂದಿದೆಯೆಂದು ಗೊತ್ತಾಗಿಹೋಯಿತು. ಎಲ್ಲರೂ ಒಮ್ಮೆ ಚಶ್ಮಾಳ ಕಡೆ ನೋಡಿ, ಆಮೇಲೆ ಬಾಗಿಲ ಹತ್ತಿರ ಕೈಕಟ್ಟಿ ನಿಂತಿದ್ದ ಲಿಫ್ಟಿನವನ ಕಡೆ ನೋಡಿದರು.

ತಿಂಗಳಿಗೊಮ್ಮೆ ಸೇರುವ ಇವರೆಲ್ಲ ಕ್ರೂಸ್ ಹುಚ್ಚಿನವರು. ಒಬ್ಬರನ್ನೊಬ್ಬರು ಕರೆಯುವುದು ಕೆಲಸದ ಅಡ್ಡಹೆಸರಿನಿಂದಲೇ, ಆಸ್ಪತ್ರೆಯ ನರ್ಸು ಸಿಸ್ಟರಕ್ಕ, ಕನ್ನಡಕದ ಅಂಗಡಿಯವಳು ಚಶ್ಮಾ, ಲಿಫ್ಟ್ ರಿಪೇರಿಯವನು ಲಿಫ್ಟಿನವನು. ವರ್ಷಕ್ಕೊಂದು ಹತ್ತು ದಿನ ಹಡಗು ಹತ್ತುತ್ತಾರೆ, ಉಳಿದ ದಿನವೆಲ್ಲ ಅದರ ಮಾತೇ ಆಡುತ್ತಾರೆ. ಹುಚ್ಚರಾದರೂ ಒಬ್ಬರಿಗೊಬ್ಬರು ಆಗುವವರು. ಒಬ್ಬರ ಸೂಟ್‌ಕೇಸಿನ ಗಾಲಿ ಮುರಿದರೆ ಇನ್ನೊಬ್ಬರ ಸೂಟ್‌ಕೇಸು ಮನೆಗೆ ಬರುತ್ತದೆ, ಒಬ್ಬರ ಅತ್ತೆ ಆಸ್ಪತ್ರೆ ಸೇರಿದರೆ ಇನ್ನೊಬ್ಬರು ಫ್ಲಾಸ್ಕ್ ಹಿಡಿದು ಹೋಗುತ್ತಾರೆ. ಬಳಗಕ್ಕಿರುವುದು ಒಂದೇ ಕಾಯಿದೆ. ಹಡಗು ಹತ್ತುವವರಿಗೆಲ್ಲ ಒಬ್ಬ 'ದಡದ ಜೊತೆ' ಇರಬೇಕು. ಊರಲ್ಲಿ ಉಳಿದವರ ಹೆಸರು ಬರೆದು ಸ್ಟೀಲ್ ಡಬ್ಬದಲ್ಲಿ ಹಾಕಿ ಚೀಟಿ ಎತ್ತುತ್ತಾರೆ. ಬಂದವರು ಹೋದವರ ಮನೆ, ಗಿಡ, ಬೆಕ್ಕು, ಅಪ್ಪ, ಅಮ್ಮ ಎಲ್ಲವನ್ನೂ ನೋಡಿಕೊಳ್ಳಬೇಕು. ಬಂದ ಚೀಟಿಯನ್ನು ಇವತ್ತಿನವರೆಗೆ ಯಾರೂ ವಾಪಸ್ ಹಾಕಿರಲಿಲ್ಲ.

"ಬೇಡ ಸಿಸ್ಟರಕ್ಕ," ಚಶ್ಮಾ ಹಲ್ಲು ಕಚ್ಚಿ ಹೇಳಿದಳು. "ಕಾಯಿದೆ ಅಂದ್ರೆ ಕಾಯಿದೆ. ಆದ್ರೆ ಈ ಮಹಾನುಭಾವರಿಗೆ ಎಲ್ಲರ ಎದುರಿಗೇ ಒಂದು ಮಾತು ಹೇಳಿಬಿಡ್ತೀನಿ. ನಮ್ಮಪ್ಪನಿಗೆ ಪೊರೆ ಆಪರೇಷನ್ ಆಗಿ ಮೂರು ವಾರ. ದಿನಕ್ಕೆ ಮೂರು ಸಲ ಡ್ರಾಪ್ಸ್. ಅವರೇ ಹಾಕ್ಕೊಂಡ್ರೆ ಕಣ್ಣಿಗೆ ಬದಲು ಕೆನ್ನೆಗೆ ಬೀಳುತ್ತೆ. ದಿನಾ ಬೆಳಗ್ಗೆ ಎಂಟಕ್ಕೆ ನನಗೆ ಸುದ್ದಿ ಬರಬೇಕು. ಹಡಗಿನ ಟೈಮು ಎಂಟು. ಹಡಗಿನ ಟೈಮು ಅಂದ್ರೇನು ಅಂತ ಗೊತ್ತಲ್ವಾ ನಿಮಗೆ?"

ಯಾರೋ ಕೆಮ್ಮಿದರು. ಲಿಫ್ಟಿನವನ ಕಿವಿಯ ತುದಿ ಕೆಂಪಗಾಯಿತು.

"ಗೊತ್ತು," ಎಂದ.

"ಹೋದ ಸಲ ಗೊತ್ತಿರಲಿಲ್ಲ, ಅದಕ್ಕೇ ಕೇಳಿದೆ."

ಹೋದ ಸಲದ ಕಥೆ ಬಳಗಕ್ಕೆಲ್ಲ ಬಾಯಿಪಾಠ. ಒಂದೂವರೆ ವರ್ಷದ ಹಿಂದೆ, ಅಪ್ಪನ ಮೊದಲ ಹಡಗು. ನಡುವೆ ಒಂದು ಬಂದರಿನಲ್ಲಿ ಎಲ್ಲರೂ ಇಳಿದರು. ಐದಕ್ಕೆ ವಾಪಸ್ ಬರಬೇಕೆಂದು ಪಟ್ಟಿ ಬರೆದು ಹಂಚಿದವನು ಲಿಫ್ಟಿನವನೇ. ಹಡಗಿನ ಏಣಿಯ ಹತ್ತಿರ ಚಶ್ಮಾ, "ಐದು ಅಂದ್ರೆ ಯಾವ ಟೈಮು, ಹಡಗಿಂದಾ, ಊರಿಂದಾ?" ಎಂದು ಕೇಳಿದ್ದಳು. ಅವನು ತಲೆಯೆತ್ತದೆ, "ಎರಡೂ ಒಂದೇ," ಎಂದಿದ್ದ. ಎರಡೂ ಒಂದೇ ಆಗಿರಲಿಲ್ಲ. ಆ ಊರಿನ ಗಡಿಯಾರ ಹಡಗಿನದಕ್ಕಿಂತ ಒಂದು ಗಂಟೆ ಹಿಂದಿತ್ತು. ಅಪ್ಪ ಮಗಳು ಮುಕ್ಕಾಲು ಗಂಟೆ ಮೊದಲೇ ಬಂದೆವೆಂದು ನಗುತ್ತಾ ಬಂದರೆ, ಹಡಗು ಆಗಷ್ಟೇ ದಡ ಬಿಟ್ಟು ಹೊರಟಿತ್ತು.

ಅಪ್ಪ ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದ ಮನುಷ್ಯ. ಅಂಥವರೇ ಟೈಮು ತಪ್ಪಿ ಹಡಗು ಬಿಟ್ಟುಕೊಂಡರೆಂದು ಬಳಗ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ಕೆಟ್ಟ ಮನಸ್ಸಿನಿಂದ ನಕ್ಕಿದ್ದಲ್ಲ, ಆದರೂ ಅಪ್ಪನಿಗೆ ನಾಟಿತು. ಅಲ್ಲಿಂದಾಚೆಗೆ ಅವರು ಮೀಟಿಂಗಿಗೂ ಬರಲಿಲ್ಲ, ಹಡಗಿನ ಮಾತನ್ನೂ ಎತ್ತಲಿಲ್ಲ. ಲಿಫ್ಟಿನವನು ಅವತ್ತು ಹೇಳಿದ್ದು ಒಂದೇ ಮಾತು, "ಗಡಿಯಾರ ನೋಡ್ಕೊಳ್ಳೋದು ಅವರವರ ಜವಾಬ್ದಾರಿ." ಆ ಮಾತನ್ನು ಚಶ್ಮಾ ಇನ್ನೂ ಮರೆತಿರಲಿಲ್ಲ. ಅಂದಿನಿಂದ ಅವರಿಬ್ಬರದು ಎಣ್ಣೆ ಸೀಗೆಕಾಯಿ.

ಈ ಸಲ ಅವಳು ಹೊರಟಿದ್ದೂ ಅಪ್ಪನ ಹಟಕ್ಕೆ. "ನೀನು ಹೋಗ್ದಿದ್ರೆ ನಾನು ಡ್ರಾಪ್ಸ್ ಹಾಕಿಸ್ಕೊಳ್ಳಲ್ಲ," ಎಂದು ಚಿಕ್ಕ ಮಗುವಿನ ಹಾಗೆ ಕಣ್ಣು ಮುಚ್ಚಿ ಕೂತಿದ್ದರು. ಕನ್ನಡಕದ ಅಂಗಡಿಯಲ್ಲಿ ದಿನಕ್ಕೆ ಮೂವತ್ತು ಜನರ ಕಣ್ಣು ಪರೀಕ್ಷೆ ಮಾಡುವವಳಿಗೆ ಆ ಎರಡು ಕಣ್ಣು ತೆರೆಸಲು ಆಗಲಿಲ್ಲ.

ಹೊರಡುವ ದಿನ ಬೀಗದ ಕೈ ಕೊಡುವಾಗ ಅವಳು ಅವನ ಮುಖ ನೋಡಲಿಲ್ಲ. ಕೈ ಮಾತ್ರ ನೋಡಿದಳು. ಉಗುರಿನ ಸಂದಿಯಲ್ಲಿ ಗ್ರೀಸು ಕಪ್ಪಗೆ ಕೂತಿತ್ತು.

"ಈ ಕೈಯಲ್ಲಿ ಡ್ರಾಪ್ಸಾ?"

"ಬೇರೆ ಕೈ ತಂದಿಲ್ಲ," ಎಂದ ಅವನು.

ಸಮುದ್ರದ ಮೊದಲ ಬೆಳಗ್ಗೆ, ಮಣಿಕಟ್ಟಿನ ಗಡಿಯಾರ ಸರಿಯಾಗಿ ಎಂಟು ತೋರಿಸಿದಾಗ ಅವಳ ಫೋನು ಸಣ್ಣಗೆ ನಡುಗಿತು. "ಬೆಳಗಿನ ಡ್ರಾಪ್ಸ್ ಆಯ್ತು. ಎಡಗಣ್ಣು. ಕೆಂಪಿಲ್ಲ. ಹಡಗಿನ ಟೈಮು ಎಂಟು."

"ಕೈ ತೊಳ್ಕೊಂಡ್ರಾ?"

"ಇಲ್ಲ. ಗ್ರೀಸ್ ಹಚ್ಕೊಂಡೇ ಹಾಕಿದೆ."

"ಇದು ಜೋಕಾ?"

"ಹೌದು. ನಿಮಗೆ ಗುರುತು ಸಿಗಲ್ಲ ಅಂತ ಗೊತ್ತಿತ್ತು."

ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ ಅವಳು ಬ್ರೆಡ್ಡಿಗೆ ಬೆಣ್ಣೆಯನ್ನು ಎಷ್ಟು ಒತ್ತಿ ಸವರಿದಳೆಂದರೆ ಬ್ರೆಡ್ಡು ಹರಿದುಹೋಯಿತು. ಎದುರಿಗೆ ಕೂತಿದ್ದ ಸಿಸ್ಟರಕ್ಕ ಕಿಟಕಿಯ ಕಡೆ ತಿರುಗಿ ನಗು ನುಂಗಿದರು. ಒಂದೇ ಕ್ಯಾಬಿನ್ನಿನವರು, ಜಗಳ ಬೇಡ ಎಂದುಕೊಂಡಿರಬೇಕು.

ಎರಡನೆಯ ದಿನವೂ ಎಂಟಕ್ಕೇ ಬಂತು. ಮೂರನೆಯ ದಿನ ಸುದ್ದಿಯ ಜೊತೆ ಒಂದು ಫೋಟೋ ಇತ್ತು. ಅಪ್ಪ ಕಪ್ಪು ಕನ್ನಡಕ ಹಾಕಿಕೊಂಡು ಬಾಯ್ತುಂಬ ನಗುತ್ತಿದ್ದರು. ಮುಂದೆ ಮೇಜಿನ ಮೇಲೆ ಹಾಲ್‌ನ ಗೋಡೆ ಗಡಿಯಾರ ಬಿಚ್ಚಿ ಬಿದ್ದಿತ್ತು, ಅದರ ಪಕ್ಕ ಗಡಿಯಾರಕ್ಕಿಂತ ಉದ್ದದ ಸ್ಕ್ರೂಡ್ರೈವರ್.

"ನಮ್ಮಪ್ಪನ ಕಣ್ಣಿಗೆ ಆಯಾಸ ಮಾಡಬೇಡಿ ಅಂತ ಹೇಳಿದ್ದೆ."

"ಮಾಡಿಲ್ಲ. ನೋಡೋದು ನನ್ನ ಕಣ್ಣು, ಬೈಯೋದು ಅವರ ಬಾಯಿ. ಇಷ್ಟು ದಡ್ಡ ಶಿಷ್ಯ ಯಾವತ್ತೂ ಸಿಕ್ಕಿರಲಿಲ್ಲವಂತೆ."

"ಅದೊಂದು ಮಾತು ನಾನೂ ಒಪ್ತೀನಿ."

ಅಪ್ಪ ಹೀಗೆ ನಕ್ಕು ಒಂದೂವರೆ ವರ್ಷವಾಗಿತ್ತು. ನಗಿಸಿದವನು ಯಾರೆಂದು ನೆನೆದರೆ ಮೈಯೆಲ್ಲ ಉರಿಯಿತು. ನಗು ನೋಡಲು ಫೋಟೋವನ್ನು ದೊಡ್ಡದು ಮಾಡಿದವಳು, ಅದರ ಮೂಲೆಯಲ್ಲಿ ಬಿದ್ದಿದ್ದ, ತೋಳು ಮಡಚಿದ ಅವನ ಕೈಯನ್ನೂ ನೋಡಿದಳು. ಮಣಿಕಟ್ಟಿನಲ್ಲಿ ಎರಡು ಗಡಿಯಾರ ಇದ್ದವು. ಎರಡು ಯಾಕೆ ಎಂದು ಕೇಳಲು ಬೆರಳು ಹೋಯಿತು, ಬಿಗುಮಾನ ಬಿಡಲಿಲ್ಲ. ಆದರೂ ಆ ಸಂಜೆ ಡೆಕ್ಕಿನ ಕಟಕಟೆಗೆ ಒರಗಿ ಅವಳು ಅದೇ ಫೋಟೋವನ್ನು ಇನ್ನೊಮ್ಮೆ ತೆರೆದಳು. ಅಪ್ಪನನ್ನು ನೋಡಲು ಎಂದು ತನಗೆ ತಾನೇ ಹೇಳಿಕೊಂಡಳು.

ಆರನೆಯ ದಿನ ಎಂಟಾಯಿತು, ಫೋನು ನಡುಗಲಿಲ್ಲ.

ಎಂಟು ಹತ್ತಾಯಿತು. ಎಂಟೂ ಕಾಲಾಯಿತು. ಊಟದ ಹಾಲ್‌ನಲ್ಲಿ ಯಾಕೋ ಜನ ಕಡಿಮೆ ಇದ್ದರು, ಅದರ ಕಡೆ ಅವಳ ಲಕ್ಷ್ಯ ಹೋಗಲಿಲ್ಲ. ಅಪ್ಪನ ನಂಬರಿಗೆ ಹಾಕಿದ ಮೆಸೇಜಿಗೂ ಉತ್ತರ ಬರಲಿಲ್ಲ. ಡ್ರಾಪ್ಸ್ ಹಾಕಿಲ್ಲ. ಕಣ್ಣು ಕೆಂಪಾಗಿದೆ. ಸೋಂಕಾಗಿದೆ. ಆಸ್ಪತ್ರೆ. ಎಂಟೂವರೆ ಹೊತ್ತಿಗೆ ಅವಳ ಹೆದರಿಕೆಯೆಲ್ಲ ಕೋಪವಾಗಿ ಬೆರಳಿಗಿಳಿಯಿತು. ಬಳಗದ ಗ್ರೂಪಿಗೇ ಬರೆದಳು.

"ಎಂಟೂವರೆ ಆಯ್ತು, ಸುದ್ದಿ ಇಲ್ಲ. ಈ ಮನುಷ್ಯನಿಗೆ ಗಡಿಯಾರ ಇದ್ರೂ ಅಷ್ಟೇ, ಇಲ್ಲದಿದ್ರೂ ಅಷ್ಟೇ. ಒಂದ್ಸಲ ನಮ್ಮಪ್ಪನ ಹಡಗು ತಪ್ಪಿಸಿದ, ಈಗ ಕಣ್ಣು ತೆಗೀತಾನೆ. ಇಂಥವನನ್ನ ಬಳಗದಲ್ಲಿ ಇಟ್ಕೊಂಡಿರೋ ನಿಮಗೆಲ್ಲ ಒಂದು ದೊಡ್ಡ ನಮಸ್ಕಾರ."

ಇಸ್ತ್ರಿ ಅಂಗಡಿಯ ಅಣ್ಣ ತಕ್ಷಣ, "ಗಾಬರಿಯಾಗ್ಬೇಡಮ್ಮ, ಈಗ್ಲೇ ಮನೆಗೆ ಹೋಗಿ ನೋಡ್ತೀನಿ," ಎಂದು ಬರೆದರು.

ಅಷ್ಟರಲ್ಲಿ ಆಕಳಿಸುತ್ತಾ ಸಿಸ್ಟರಕ್ಕ ಬಂದರು. "ಏನೇ ಇದು, ಕೋಳಿಗಿಂತ ಮುಂಚೆ ಎದ್ದು ಬಂದಿದೀಯ? ಇನ್ನೂ ಏಳೂವರೆ."

"ಎಂಟೂವರೆ, ಸಿಸ್ಟರಕ್ಕ."

"ನಿನ್ನ ತಲೆ. ದಿಂಬಿನ ಮೇಲೆ ಚೀಟಿ ಇಟ್ಟಿದ್ರಲ್ಲ, ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸ್ಕೊಳ್ಳಿ ಅಂತ. ಅದನ್ನೇ ಪುಸ್ತಕದೊಳಗೆ ಗುರುತಿಗೆ ಇಟ್ಕೊಂಡ್ಯಲ್ಲೇ, ಓದ್ಲಿಲ್ವಾ?"

ಚಶ್ಮಾಳ ಕೈಯಲ್ಲಿದ್ದ ಕಪ್ಪು ಸಾಸರಿನ ಮೇಲೆ ಟಕ್ಕೆಂದು ಕೂತಿತು. ಓದಿರಲಿಲ್ಲ. ಹಡಗಿನ ಟೈಮು ಎಂದರೇನು ಗೊತ್ತಾ ಎಂದು ಹದಿನಾಲ್ಕು ಜನರ ಮುಂದೆ ಕೇಳಿ ಬಂದವಳು ತನ್ನ ಗಡಿಯಾರ ತಿರುಗಿಸುವುದನ್ನೇ ಮರೆತಿದ್ದಳು. ಭೂಮಿ ಬಾಯ್ಬಿಡಬಾರದೇ ಎನ್ನೋಣವೆಂದರೆ ಕೆಳಗೆ ಬರೀ ನೀರು.

ಅರ್ಧ ಗಂಟೆ ಅವಳು ಅಲ್ಲಿಂದ ಅಲುಗಾಡಲಿಲ್ಲ. ಗೋಡೆಯ ಗಡಿಯಾರ ಎಂಟು ತೋರಿಸಿದ ಕ್ಷಣಕ್ಕೆ ಫೋನು ನಡುಗಿತು.

"ಬೆಳಗಿನ ಡ್ರಾಪ್ಸ್ ಆಯ್ತು. ಎಡಗಣ್ಣು. ಕೆಂಪಿಲ್ಲ. ಹಡಗಿನ ಟೈಮು ಎಂಟು."

ಅಷ್ಟೇ ಇತ್ತು. ಒಂದು ಕೊಂಕಿಲ್ಲ, ಒಂದು ಜೋಕಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅವನು ಬೈಯದೇ ಇದ್ದದ್ದು ಅವಳಿಗೆ ಸಹಿಸಲಾಗಲಿಲ್ಲ, ಕಣ್ಣು ತುಂಬಿ ಬಂತು. ಗ್ರೂಪಿಗೆ ಬರೆದಳು, "ತಪ್ಪು ನಂದು. ಗಡಿಯಾರ ತಿರುಗಿಸೋದು ಮರೆತಿದ್ದೆ. ಕ್ಷಮಿಸಿ."

ಗ್ರೂಪಿನಲ್ಲಿ ಮೊದಲು ಒಂದು ನಗುವ ಮುಖ ಬಂತು. ಆಮೇಲೆ ನಾಲ್ಕು. ಯಾರೋ, "ಅಪ್ಪನಿಗೆ ತಕ್ಕ ಮಗಳು!" ಎಂದರು. ಅಪ್ಪ ಅದನ್ನು ಓದುತ್ತಾರೆಂದು ನೆನೆದು ಅವಳು ಫೋನನ್ನು ಬೋರಲು ಹಾಕಹೋದಳು. ಅದರ ಕೆಳಗೆ ಲಿಫ್ಟಿನವನ ಮೆಸೇಜು ಬಂತು. ಇಷ್ಟುದ್ದ ಅವನು ಯಾವತ್ತೂ ಬರೆದವನಲ್ಲ.

"ನಗಬೇಡಿ. ಅವತ್ತು ಏಣಿ ಹತ್ರ ಇವರು ಯಾವ ಟೈಮು ಅಂತ ಕೇಳಿದ್ರು. ನಾನು ನೋಡ್ದೆನೇ ಎರಡೂ ಒಂದೇ ಅಂದೆ. ಗಡಿಯಾರದ ಸಾಹೇಬ್ರು ಟೈಮು ತಪ್ಪಿರಲಿಲ್ಲ, ನಾನು ತಪ್ಪು ಹೇಳಿದ್ದೆ. ಆಮೇಲೆ ಅವರವರ ಜವಾಬ್ದಾರಿ ಅಂದಿದ್ದು ಇನ್ನೂ ದೊಡ್ಡ ತಪ್ಪು. ನಗೋದಿದ್ರೆ ನನ್ನ ನೋಡಿ ನಗಿ."

ಚಶ್ಮಾ ಅದನ್ನು ಮೂರು ಸಲ ಓದಿ, ಅವನೊಬ್ಬನಿಗೇ ಬರೆದಳು, "ಅವತ್ತೇ ಯಾಕೆ ಹೇಳಲಿಲ್ಲ?"

ಟೈಪ್ ಮಾಡುತ್ತಿದ್ದಾರೆ ಎಂದು ಬಂತು, ಹೋಯಿತು, ಮತ್ತೆ ಬಂತು. ಕೊನೆಗೆ ಬಂದದ್ದು ಎರಡೇ ಮಾತು. "ಬನ್ನಿ. ಹೇಳ್ತೀನಿ."

ಉಳಿದ ನಾಲ್ಕು ದಿನ ಸಮುದ್ರ ಅವಳಿಗೆ ಬಹಳ ಅಗಲವಾಗಿ ಕಂಡಿತು. ಹಡಗು ಹುಚ್ಚಿನವಳು ಮೊದಲ ಸಲ ದಡ ಯಾವಾಗ ಬರುತ್ತದೋ ಎಂದು ಕಾದಳು.

ಹಡಗು ಬೆಳಗ್ಗೆ ಎಂಟಕ್ಕೆ ಕಟ್ಟೆಗೆ ಬಂತು. ಕೆಳಗೆ ಕಂಬಿಯಾಚೆ ಅಪ್ಪ ಕಪ್ಪು ಕನ್ನಡಕದಲ್ಲಿ ಎರಡೂ ಕೈಯೆತ್ತಿ ಬೀಸುತ್ತಿದ್ದರು. ಪಕ್ಕದಲ್ಲಿ ಅವನು ಕೈ ಬೀಸದೆ, ಕಣ್ಣೂ ಕದಲಿಸದೆ ನಿಂತಿದ್ದ.

"ಬಂದು ಎಷ್ಟು ಹೊತ್ತಾಯ್ತಪ್ಪಾ?"

"ಕೇಳ್ಬೇಡ ಪುಟ್ಟಿ, ಈ ಪುಣ್ಯಾತ್ಮ ಐದಕ್ಕೇ ಎಬ್ಬಿಸಿ ಕೂರಿಸಿದಾನೆ. ತಡ ಆದ್ರೆ ನಿಮ್ಮ ಮಗಳು ನನ್ನ ಸಿಗಿದು ಹಾಕ್ತಾಳೆ ಅಂತಾನೆ." ಅಪ್ಪ ಅವಳ ಕಿವಿಯ ಹತ್ತಿರ ಬಗ್ಗಿದರು. "ಮೊದಲನೇ ದಿನವೇ ನನ್ನ ಹತ್ರ ತಪ್ಪು ಒಪ್ಕೊಂಡ ಕಣೇ. ನನಗಲ್ಲಪ್ಪ, ನನ್ನ ಮಗಳಿಗೆ ಹೇಳು ಅಂದೆ. ಸರಿ, ಸಿಸ್ಟರಕ್ಕನ ಪೆಟ್ಟಿಗೆ ನೋಡ್ತೀನಿ. ಬರೋ ಭಾನುವಾರ ಮೀಟಿಂಗಿಗೆ ಬರ್ತೀನಿ ಅಂತ ಅವರಿಗೆ ಹೇಳ್ಬೇಕು."

ಅಪ್ಪ ಬೆನ್ನು ನೆಟ್ಟಗೆ ಮಾಡಿಕೊಂಡು ನಡೆದು ಹೋದದ್ದನ್ನು ಅವಳು ನೋಡಿದಳು. ಆಮೇಲೆ ಅವನ ಕಡೆ ತಿರುಗಿದಳು.

"ಈಗ ಹೇಳಿ."

"ಹಿಂದಿನ ಡೆಕ್ಕಲ್ಲಿ ನಿಂತಿದ್ದೆ ಅವತ್ತು," ಅವನು ನೆಲ ನೋಡುತ್ತಾ ಹೇಳಿದ. "ನೀವು ಅಪ್ಪನ ಬ್ಯಾಗು ಹಿಡ್ಕೊಂಡು ದಡದಲ್ಲಿ ನಿಂತಿದ್ರಿ. ನೀವು ಚಿಕ್ಕವರಾಗ್ತಾ ಚಿಕ್ಕವರಾಗ್ತಾ ಕಾಣದೇ ಹೋಗೋವರೆಗೂ ನೋಡಿದೆ. ಊರಿಗೆ ಬಂದು ನಿಮ್ಮೆದುರಿಗೆ ನಿಂತಾಗ ತಪ್ಪಾಯ್ತು ಅನ್ನೋಕೆ ಬಾಯಿ ಬರಲಿಲ್ಲ. ಜಗಳ ಬಂತು."

"ಆಮೇಲಾದ್ರೂ ಹೇಳ್ಬಹುದಿತ್ತಲ್ಲ?"

"ಆಮೇಲೆ..." ಅವನು ತಲೆಯೆತ್ತಿದ. "ಜಗಳ ಆಡೋದಕ್ಕಾದ್ರೂ ತಿಂಗಳಿಗೊಂದ್ಸಲ ನನ್ನ ಕಡೆ ನೋಡ್ತಿದ್ರಿ. ಅದನ್ನ ಕಳ್ಕೊಳ್ಳೋಕೆ ಮನಸ್ಸು ಬರಲಿಲ್ಲ."

"ನಿಮ್ಮ ಮನಸ್ಸಿಗೋಸ್ಕರ ನಮ್ಮಪ್ಪ ಒಂದೂವರೆ ವರ್ಷ ತಲೆ ತಗ್ಗಿಸ್ಕೊಂಡು ಕೂತಿದ್ರು."

"ಗೊತ್ತು. ಅದಕ್ಕೆ ಎಷ್ಟು ಬೇಕಾದ್ರೂ ಬೈಯಿರಿ. ಜೀವನಪೂರ್ತಿ ಬೈಯಿರಿ. ನಾನು ಎಲ್ಲಿಗೂ ಹೋಗಲ್ಲ."

ಬೈಯಬೇಕೆಂದೇ ಅವಳು ಬಾಯಿ ತೆರೆದಳು. ಹತ್ತು ದಿನದಿಂದ ಕೂಡಿಸಿಟ್ಟ ಮಾತುಗಳಲ್ಲಿ ಒಂದೂ ಕೈಗೆ ಸಿಗಲಿಲ್ಲ. ಅವನ ಮಣಿಕಟ್ಟಿನಲ್ಲಿ ಎರಡು ಗಡಿಯಾರ ಇನ್ನೂ ಇದ್ದವು. ಒಂದು ಊರಿನದು, ಇನ್ನೊಂದು ಪ್ರಯಾಣದ ಪಟ್ಟಿ ನೋಡಿ ತಿರುಗಿಸುತ್ತಿದ್ದ ಅವಳ ಹಡಗಿನದು. ಉಗುರುಗಳು ತಿಕ್ಕಿ ತಿಕ್ಕಿ ಬೆಳ್ಳಗಾಗಿದ್ದವು. ಇವನೆಂದರೆ ನನಗೆ ಇಷ್ಟ ಎಂದು ಅವಳಿಗೆ ಒಮ್ಮೆಲೇ ಗೊತ್ತಾಯಿತು, ಗೊತ್ತಾಗಿ ಸಿಟ್ಟೂ ಬಂತು.

ಅವಳು ಕೈ ಮುಂದೆ ಚಾಚಿದಳು. ಅವಳ ಗಡಿಯಾರ ಇನ್ನೂ ಹಡಗಿನ ಟೈಮಿನಲ್ಲೇ ನಡೆಯುತ್ತಿತ್ತು.

"ತಿರುಗಿಸಿ. ಇದು ಅವರವರ ಜವಾಬ್ದಾರಿ ಅಲ್ಲ ಇನ್ನು."

ಅವನು ಅವಳ ಮಣಿಕಟ್ಟನ್ನು ಹುಷಾರಾಗಿ ಹಿಡಿದುಕೊಂಡ. ಅಪ್ಪ ಕಲಿಸಿದ್ದ ಹಾಗೆ ಕೀಲಿಯನ್ನು ಉಗುರಿನಿಂದ ಎಳೆದು, ಮುಳ್ಳನ್ನು ನಿಧಾನಕ್ಕೆ ಊರಿನ ಟೈಮಿಗೆ ತಂದು, ಕೀಲಿ ಒತ್ತಿದ.

"ಆಯ್ತು," ಎಂದು ಕೈ ಬಿಡಹೋದ.

"ಒಂದು ನಿಮಿಷ ಹಿಂದಿದೆ," ಎಂದಳು ಅವಳು.

ಅವನು ತನ್ನ ಗಡಿಯಾರ ನೋಡಿದ. ಬಂದರಿನ ಗೋಡೆಯ ದೊಡ್ಡ ಗಡಿಯಾರವನ್ನೂ ನೋಡಿದ. "ಇಲ್ಲ, ಸರಿಯಾಗಿದೆಯಲ್ಲ?"

"ಹಿಂದಿದೆ ಅಂತ ಹೇಳ್ತಿದೀನಲ್ಲ," ಚಶ್ಮಾ ಕೈಯನ್ನು ಹಿಂದಕ್ಕೆಳೆದುಕೊಳ್ಳದೆ ಗದರಿದಳು. "ಮೊದಲಿಂದ ತಿರುಗಿಸಿ."