ಮಡಕೆಯ ಕೆಳಗಿನ ಸ್ಪ್ರಾಕೆಟ್

1999ರ ಮಾರ್ಚ್ 12, ಬೆಳಗ್ಗೆ 8.10. ಜಾವಗಲ್ ಠಾಣೆಗೆ ಬಂದ ಬೋರಮ್ಮನ ಸೆರಗೆಲ್ಲ ಮಸಿಯಾಗಿತ್ತು. ಅವಳು ಡೈರಿಗೆ ಹಾಲು ಹಾಕಲು ಹೋಗಿದ್ದಾಗ, 6.50ಕ್ಕೆ, ಯಾರೋ ಅವಳ ಹುಲ್ಲಿನ ಬಣವೆಗೆ ಬೆಂಕಿಯಿಟ್ಟಿದ್ದರು. ಪಕ್ಕದಲ್ಲಿ ಕಟ್ಟಿದ್ದ ಹಸು ಹಗ್ಗ ಕಿತ್ತುಕೊಳ್ಳಲಾಗದೆ ಬೆಂದು ಸತ್ತಿತ್ತು. ಅವಳಿಗಿದ್ದದ್ದು ಅದೊಂದೇ ಹಸು.

"ಹಾಲಿನ ದೇವೀರಪ್ಪಂದೇ ಕೆಲಸ ಸ್ವಾಮಿ. ನನ್ನ ಹಾಲಿಗೆ ನೀರು ಬೆರೆಸ್ತಾನೆ, ಇನ್ನು ಅವನಿಗೆ ಕೊಡಲ್ಲ ಅಂತ ಡೈರಿ ಮುಂದೆ ಹೇಳ್ದೆ. ನೋಡ್ಕೊತೀನಿ ಅಂದಿದ್ದ."

ಸಬ್ ಇನ್‌ಸ್ಪೆಕ್ಟರ್ ನಂಜುಂಡಯ್ಯ ಕಲಂ 429, 435ರಡಿ ಎಫ್‌ಐಆರ್ ದಾಖಲಿಸಿದರು. ಸುಟ್ಟ ಗೂಟದ ಹತ್ತಿರ ಪಂಚನಾಮೆ ಬರೆಸಿದರು. ಮೂಕಪ್ರಾಣಿ ಯಾರಿಗೆ ಏನು ಮಾಡಿತ್ತು?

ಆದರೆ ಅಂದು 7.05ಕ್ಕೆ, ರೇಡಿಯೋದಲ್ಲಿ ವಾರ್ತೆ ಶುರುವಾಗುವಾಗ, ದೇವೀರಪ್ಪ ಹದಿನಾರು ಕಿಲೋಮೀಟರ್ ಆಚೆ ಹಳೇಬೀಡಿನ ಹೋಟೆಲಿನಲ್ಲಿ ಹಾಲಿನ ಕ್ಯಾನ್ ಇಳಿಸುತ್ತಿದ್ದ. ಹೋಟೆಲಿನವರೇ ಸಾಕ್ಷಿ.

14ರಂದು ಠಾಣೆಗೆ ಕರೆಸಿದಾಗ ಅವನೇ ಮಾತು ತೆಗೆದ. "ನನ್ನ ಬೈಕು ಅರವತ್ತು ದಾಟಲ್ಲ ಸಾರ್. ಓಡಿಸಿ ನೋಡಿ."

ಹೆಡ್ ಕಾನ್‌ಸ್ಟೆಬಲ್ ರಂಗನಾಥ್ ಓಡಿಸಿದರು. ಎಂಜಿನ್ ಅರಚಿಕೊಂಡರೂ ಮುಳ್ಳು ಐವತ್ತೆಂಟರಲ್ಲೇ ನಿಂತಿತು. ಹಳೇಬೀಡು ಮುಟ್ಟಲು ಇಪ್ಪತ್ತು ನಿಮಿಷ ಹಿಡಿಯಿತು; ಬೆಂಕಿಗೂ ವಾರ್ತೆಗೂ ನಡುವೆ ಇದ್ದದ್ದು ಹದಿನೈದೇ.

ನಂಜುಂಡಯ್ಯನವರ ಪಿತ್ತ ನೆತ್ತಿಗೇರಿತು. ಬೈಕಿನ ವೇಗದ ಮಾತು ಇವನನ್ನು ಯಾರು ಕೇಳಿದ್ದರು? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಿದ್ದ.

"ಚೈನು ನೋಡಿ ಸಾರ್," ಎಂದರು ರಂಗನಾಥ್. "ಎಲ್ಲ ಹಳೇದು, ನಾಲ್ಕು ಕೊಂಡಿ ಮಾತ್ರ ಹೊಸವು, ಉದ್ದ ಮಾಡಕ್ಕೆ ಸೇರ್ಸವ್ನೆ. ಚೈನು ಕೂರೋ ಹಿಂದಿನ ಚಕ್ರ, ಈ ಸ್ಪ್ರಾಕೆಟ್‌ಗೆ ಐವತ್ತೆರಡು ಹಲ್ಲು. ಕಂಪನಿದಕ್ಕೆ ನಲವತ್ತೆರಡೇ. ಮುಂದಿನದನ್ನೂ ಚಿಕ್ಕದು ಮಾಡವ್ನೆ. ಹಿಂದೆ ಹಲ್ಲು ಹೆಚ್ಚಿದಷ್ಟೂ ಬೈಕು ಭಾರ ಚೆನ್ನಾಗಿ ಎಳೀತದೆ, ವೇಗ ಬಿದ್ದೋಗ್ತದೆ."

"ಯಾವಾಗ ಹಾಕಿಸ್ದೆ?" ನಂಜುಂಡಯ್ಯ ದೇವೀರಪ್ಪನತ್ತ ತಿರುಗಿದರು.

"ವರ್ಷ ಆಯ್ತು ಸಾರ್. ಕ್ಯಾನ್ ಎಳೀಬೇಕಲ್ಲ."

"ವರ್ಷ ಓಡಿದ ಹಲ್ಲಿಗೆ ಒಂದು ಗೀರೂ ಇಲ್ವಲ್ಲೋ. ಹಳೇದೆಲ್ಲಿ?"

"ಗುಜರಿಗೆ ಹಾಕ್ದೆ."

ಅವನ ಮನೆಯಲ್ಲಿ ತಾಯಿ ಶಿವಗಂಗಮ್ಮ ನೀರು ಬಗ್ಗಿಸಿಕೊಟ್ಟರು. ಮಡಕೆ ಅಲ್ಲಾಡದಂತೆ ಅದರ ಕೆಳಗೆ ಹಲ್ಲಿನ ಚಕ್ರವೊಂದನ್ನು ಇಟ್ಟಿದ್ದರು.

"ಕೆರೆಗೆ ಎಸೆಯಕ್ಕೆ ಹೊಂಟಿದ್ದ. ಕಬ್ಬಿಣ ಯಾರಾದ್ರೂ ಎಸೀತಾರೇನಪ್ಪ? ನಾನೇ ಇಸ್ಕೊಂಡೆ."

"ಯಾವತ್ತಮ್ಮ?"

"ಬೋರಮ್ಮನ ಹಸು ಸತ್ತ ದಿನ ಸಂಜೆ. ಪಾಪ."

ಪಂಚರ ಮುಂದೆ ಎಣಿಸಿದರು. ನಲವತ್ತೆರಡು ಹಲ್ಲು. ಮೆಕ್ಯಾನಿಕ್‌ನಿಂದ ಮುಂದಿನದನ್ನೂ ಮೊದಲಿನಂತೆ ಮಾಡಿಸಿ, ಇದನ್ನು ಹಾಕಿಸಿ ಓಡಿಸಿದಾಗ ರಂಗನಾಥ್ ಹದಿನಾಲ್ಕು ನಿಮಿಷದಲ್ಲಿ ಹಳೇಬೀಡಿನಲ್ಲಿದ್ದರು. ಸಂಜೆ 5.30ಕ್ಕೆ ದೇವೀರಪ್ಪನ ದಸ್ತಗಿರಿಯಾಯಿತು.

"ಡೈರಿ ಮುಂದೆ ಊರೆಲ್ಲ ನಕ್ತು ಸಾರ್. ತಡ್ಕೊಳ್ಳಕ್ಕಾಗಲಿಲ್ಲ. ಹುಲ್ಲು ಸುಡೋಣ ಅಂತ ಹೋದೆ ಅಷ್ಟೇ. ಹಸು ಅಲ್ಲೇ ಕಟ್ಟವ್ಳೆ ಅಂತ ಗೊತ್ತಿರಲಿಲ್ಲ."

ನಂಜುಂಡಯ್ಯ ಪೆನ್ನು ಕೆಳಗಿಟ್ಟರು.

"ಎರಡು ವರ್ಷ ದಿನಾ ಅವಳ ಹತ್ರ ಹಾಲು ತಗೊಂಡೆ. ಅವಳು ಎಲ್ಲಿ ಕೂತು ಹಸು ಕರೀತಿದ್ಲು?"



"ಬಣವೆ ಪಕ್ಕದಲ್ಲೇ ಸಾರ್."

ನಂಜುಂಡಯ್ಯ ಅದನ್ನೂ ಬರೆದುಕೊಂಡರು.