ಸ್ವಾನ್ ಕ್ರೀಕ್ ಬೆನ್ನು ತಿರುಗಿಸಿದ ಸಂಜೆ

"ವರ್ಲೀನ್..."

ಆಟಗಾರರು ಅಂಗಣಕ್ಕೆ ಇಳಿಯುವ ಇಕ್ಕಟ್ಟಾದ ದಾರಿಯಲ್ಲಿ ಆ ದನಿ ಕೇಳುತ್ತಲೇ ಅವಳ ಕಾಲು ನಿಂತಿತು. ನಾಲ್ಕು ವರ್ಷ ಕಳೆದರೂ ಈ ಹಾಳು ಹೃದಯ ಏನನ್ನೂ ಮರೆತಿರಲಿಲ್ಲ!

"ಮಿಸ್ ಪೆಟಿಸ್ ಅನ್ನಿ," ಎಂದಳು, ತಿರುಗದೆ.

"ಒಂದು ನಿಮಿಷ ಮಾತಾಡು, ಪ್ಲೀಸ್..."

"ಮಾತಾಡ್ತೀನಿ ಡೆಶಾನ್. ಮೈಕ್‌ನಲ್ಲಿ. ಊರಿಗೆಲ್ಲ ಕೇಳೋ ಹಾಗೆ!"

ಟೊಲೆಡೊ ಊರಿನ ಸ್ವಾನ್ ಕ್ರೀಕ್ ಅಂಗಣದಲ್ಲಿ ಆಟಗಾರರ ಹೆಸರು ಕೂಗುವುದು ಅವಳ ಕೆಲಸ. ಹಿಂದೆಲ್ಲ ಡೆಶಾನ್ ಗ್ರೀರ್‌ನ ಹೆಸರನ್ನು ಅವಳು ಎಳೆದೆಳೆದು ಕೂಗಿದರೆ ಛಾವಣಿಯೇ ಅದುರುತ್ತಿತ್ತು. ಆಟ ಮುಗಿದ ಮೇಲೆ ಅದೇ ಹೆಸರನ್ನು ಅವನ ಕಿವಿಯಲ್ಲಿ ಪಿಸುಗುಡುತ್ತಿದ್ದಳು.

ಆಮೇಲೆ ತಂಡಕ್ಕೂ ಅಂಗಣಕ್ಕೂ ಮಾಲೀಕನಾದ ವಿಟೇಕರ್ ಊರಿನ ಬಾಸ್ಕೆಟ್‌ಬಾಲ್ ತಂಡ ಹೆರನ್ಸನ್ನು ಬುಡಸಮೇತ ಕಿತ್ತು ದೂರದ ಟೂಸಾನ್ ನಗರಕ್ಕೆ ಒಯ್ದ. ಟಿವಿಯಲ್ಲಿ ಆ ಸುದ್ದಿ ಹೇಳುವಾಗ ಅವನ ಪಕ್ಕ ನಗುತ್ತ ನಿಂತವನು ಡೆಶಾನ್! ಅವಳಿಗೆ ಒಂದು ಮಾತೂ ಹೇಳದೆ ಹೊರಟುಹೋಗಿದ್ದ.

ಇವತ್ತು ಅದೇ ಹೆರನ್ಸ್, ಊರಿನ ಹೊಸ ತಂಡದ ಎದುರು ಆಡಲು ಬಂದಿತ್ತು. ಏನು ಮಾಡಬೇಕೆಂದು ಅಭಿಮಾನಿಗಳಿಗೆಲ್ಲ ವರ್ಲೀನ್ ಮೊದಲೇ ಹೇಳಿಟ್ಟಿದ್ದಳು.

ದೀಪಗಳು ಆರಿದವು. ಮೈಕ್ ತುಟಿಗೆ ಹತ್ತಿರ ಬಂತು.

"ಡೆಶಾನ್ ಗ್ರೀರ್."

ಅಷ್ಟೇ. ಸತ್ತವರ ಹೆಸರು ಓದಿದ ಹಾಗೆ...

ಇಡೀ ಅಂಗಣ ಎದ್ದು ನಿಂತು ಅವನಿಗೆ ಬೆನ್ನು ತಿರುಗಿಸಿತು. ಒಂದು ಚಪ್ಪಾಳೆಯಿಲ್ಲ, ಒಂದು ಬೈಗುಳವೂ ಇಲ್ಲ. ಬೆಳಕಿನ ನಡುವೆ ಅವನೊಬ್ಬನೇ ತಲೆ ತಗ್ಗಿಸಿ ನಿಂತಿದ್ದ.

'ಉರಿಯುತ್ತಾ? ಉರಿಯಲಿ! ನಾನೂ ಹೀಗೇ ಉರಿದಿದ್ದೆ...'

ಅರ್ಧ ಆಟ ಮುಗಿಯುತ್ತಲೇ ಕೆಳಗೆ ಹಾಟ್ ಡಾಗ್ ಮಾರುತ್ತಿದ್ದ ಅವಳ ತಾಯಿ ಓಪಲ್ ಏದುಸಿರು ಬಿಡುತ್ತ ಮೇಲಿನ ಮೈಕಿನ ಕೋಣೆಗೆ ಮೆಟ್ಟಿಲು ಹತ್ತಿ ಬಂದಳು.

"ತೃಪ್ತಿ ಆಯ್ತೇನೆ ನಿಂಗೆ?"

"ತುಂಬಾ!"

"ಬೆಳಗ್ಗಿಂದ ಫೋನ್ ಮಾಡ್ತಾ ಇದ್ದೀನಿ, ಎತ್ತಿದ್ರೆ ತಾನೇ! ವಿಟೇಕರ್ ಈ ಕಟ್ಟಡ ಕೆಡವಿ ಜಾಗ ಮಾರೋನಿದ್ದ. 'ಬಾಯಿ ಮುಚ್ಚಿಕೊಂಡು ನಿಮ್ಮ ಜೊತೆ ಬರ್ತೀನಿ, ಅಂಗಣ ಊರಿಗೆ ಬಿಟ್ಟುಕೊಡಿ' ಅಂತ ಒಪ್ಪಿಸಿದೋನು ಆ ಹುಡುಗ. ನಾಲ್ಕು ವರ್ಷದ ಕರಾರು ಮುಗಿದು ನಿನ್ನೆ ಅಂಗಣ ಊರಿನ ಹೆಸರಿಗಾಯ್ತು. ಅಲ್ಲೀವರೆಗೆ ಯಾರೂ ಬಾಯಿ ಬಿಡೋ ಹಾಗಿರ್ಲಿಲ್ಲ."

"ನಂಗೂ ಹೇಳಬಾರದಿತ್ತಾ?!"

"ನಿಂಗಾ? ಮೈಕ್ ಹಿಡ್ಕೊಂಡೇ ಹುಟ್ಟಿದೋಳಿಗಾ? ನಿನ್ನ ನೋಡ್ಕೊಳ್ಳಿ ಅಂತ ಅವನು ನಂಗೊಬ್ಬಳಿಗೇ ಹೇಳಿದ್ದ. ಅಳ್ತಾ ಹೇಳಿದ್ದ ಕಣೆ!"

ವರ್ಲೀನ್ ಅಂಗಣದ ಕಡೆ ತಿರುಗಿದಳು. ಎದುರಿನ ಗಾಜಿನ ಕೋಣೆಯಲ್ಲಿ ವಿಟೇಕರ್ ಗ್ಲಾಸು ಹಿಡಿದು ನಗುತ್ತಿದ್ದ. ಅವಳೊಳಗಿನ ಬೆಂಕಿ ಆರಲಿಲ್ಲ... ದಿಕ್ಕು ಬದಲಿಸಿತು.

ಮೈಕ್ ಎತ್ತಿಕೊಂಡಳು.

"ಟೊಲೆಡೊ! ನಾನು ತಪ್ಪು ಮಾಡಿದೆ. ನಾವೆಲ್ಲ ಇಲ್ಲಿ ಕೂತಿದ್ದೀವಿ ಅಂದ್ರೆ ಅದಕ್ಕೆ ಡೆಶಾನ್ ಗ್ರೀರ್ ಕಾರಣ. ಈ ಅಂಗಣ ಕೆಡವೋಕೆ ಹೊರಟೋನು ಅಗೋ, ಆ ಗಾಜಿನ ಕೋಣೆಯಲ್ಲಿದ್ದಾನೆ. ನಿಮ್ಮ ಬೆನ್ನು ನೋಡಬೇಕಾದೋನು ಅವನು!"

ಒಂದು ಕ್ಷಣ ಗುಜುಗುಜು. ಮರುಕ್ಷಣ ಅಂಗಣವೇ ಮಗ್ಗುಲು ಬದಲಿಸಿದಂತೆ ಎಲ್ಲರೂ ಆ ಗಾಜಿನ ಕೋಣೆಗೆ ಬೆನ್ನು ತಿರುಗಿಸಿದರು. ವಿಟೇಕರನ ನಗು ಬತ್ತಿತು. ಅವನು ಕೋಟು ಎಳೆದುಕೊಂಡು ಹಿಂಬಾಗಿಲಿನಿಂದ ಜಾರಿಕೊಂಡ.

ಆಟ ಮುಗಿದಾಗ ಡೆಶಾನ್ ಬಸ್ಸಿನ ಬಳಿ ನಿಂತಿದ್ದ. ವರ್ಲೀನ್ ಓಡಿ ಬಂದು ಅವನ ಎದೆಗೆ ಗುದ್ದಿದಳು.

"ನಾಲ್ಕು ವರ್ಷ ನಿನ್ನ ದ್ವೇಷಿಸಿದೆ! ಎಷ್ಟು ಕಷ್ಟ ಆಯ್ತು ಗೊತ್ತಾ?"

"ಗುದ್ದು... ಇನ್ನೂ ಗುದ್ದು."

"ಯಾಕೋ ಒಬ್ಬನೇ ಎಲ್ಲ ನುಂಗಿಕೊಂಡೆ?"

"ನಿನ್ನ ದನಿ ಇಲ್ಲೇ ಕೇಳ್ತಿರಬೇಕಿತ್ತು ನಂಗೆ... ನಾನಿಲ್ಲದಿದ್ರೂ."

ಅವಳ ಕಣ್ಣು ತುಂಬಿ ಬಂತು. ಬಸ್ಸು ಹಾರ್ನ್ ಹೊಡೆಯಿತು.

"ತಂಡ ಹೊರಡ್ತಿದೆ, ವರ್ಲೀನ್."

ಅವಳು ಅವನ ಅಂಗಿಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಳು.

"ಹೋಗಲಿ ಬಿಡು. ಈ ಸಲ ತಂಡ ಮಾತ್ರ ಹೋಗಲಿ..."